ಎರ್ಡಿಸ್ಲಿಯ ಕಲ್ಲುತೊಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳೆಯ ಹಳ್ಳಿ ಚರ್ಚುಗಳಲ್ಲಿ ಬಾಗಿಲು ದಾಟಿದ ಕೂಡಲೇ ಒಂದು ಕಲ್ಲಿನ ತೊಟ್ಟಿ ಸಿಗುತ್ತದೆ. ಹೋದವರಲ್ಲಿ ಹೆಚ್ಚಿನವರು ಅದರ ಪಕ್ಕದಲ್ಲೇ ಹಾದು ಬಣ್ಣದ ಗಾಜಿನ ಕಿಟಕಿಗಳ ಕಡೆಗೆ ನಡೆದುಬಿಡುತ್ತಾರೆ. ನಾನೂ ಬಹಳ ದಿನ ಹಾಗೆಯೇ ಮಾಡಿದವನು. ಹೆರಿಫರ್ಡ್‌ಶೈರ್‌ನ ಎರ್ಡಿಸ್ಲಿ ಎಂಬ ಊರಿನ ತೊಟ್ಟಿಯ ಮುಂದೆ ನಿಂತ ಮೇಲೆ ಆ ಅಭ್ಯಾಸ ತಪ್ಪಿತು. ಅಲ್ಲಿಂದ ಬಂದು ಚಿತ್ರ ತೋರಿಸಿದಾಗಲೆಲ್ಲ ಸ್ನೇಹಿತರು, ಬಂಧುಗಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ಇದು ಏನು? ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತಾರೆ?

ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವಾಗ ಮಗುವಿಗಾಗಲಿ ದೊಡ್ಡವರಿಗಾಗಲಿ ಮಾಡುವ ನೀರಿನ ಸಂಸ್ಕಾರಕ್ಕೆ ಬಳಸುವ ಪಾತ್ರೆ ಇದು. ನಮ್ಮ ಕಡೆಯ ಕಥೋಲಿಕ ಚರ್ಚುಗಳಲ್ಲಿ ಆ ಸಂಸ್ಕಾರವನ್ನು ಜ್ಞಾನಸ್ನಾನ ಎನ್ನುತ್ತಾರೆ, ಪ್ರಾಟೆಸ್ಟೆಂಟ್ ಸಭೆಗಳಲ್ಲಿ ದೀಕ್ಷಾಸ್ನಾನ ಎನ್ನುತ್ತಾರೆ. ಎರಡರಲ್ಲೂ ಸ್ನಾನ ಎಂಬ ಮಾತಿದೆ ಎಂಬುದನ್ನು ಗಮನಿಸಿ. ಇಂದು ಹಣೆಗೆ ಒಂದು ಬೊಗಸೆ ನೀರು ಹಾಕಿ ಮುಗಿಸುವ ಚರ್ಚುಗಳಲ್ಲೂ ಹೆಸರು ಮಾತ್ರ ಸ್ನಾನವೆಂದೇ ಉಳಿದಿದೆ. ಈ ಕಲ್ಲುತೊಟ್ಟಿ ಹುಟ್ಟಿದ್ದು ಅದು ನಿಜವಾಗಿಯೂ ಸ್ನಾನವಾಗಿದ್ದ ಕಾಲದಲ್ಲಿ.

ಇಂಗ್ಲಿಷಿನಲ್ಲಿ ಇದನ್ನು ಫಾಂಟ್ ಎನ್ನುತ್ತಾರೆ. ಚಿಲುಮೆ, ಒರತೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕಂಪ್ಯೂಟರಿನ ಅಕ್ಷರವಿನ್ಯಾಸದ ಫಾಂಟ್‌ಗೂ ಇದಕ್ಕೂ ಸಂಬಂಧವಿಲ್ಲ; ಆ ಪದದ ಮೂಲ ಬೇರೆ.

ಎರ್ಡಿಸ್ಲಿ ಎಲ್ಲಿದೆ?

ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ಗಡಿಗೆ ಹತ್ತಿರ, ಹೆರಿಫರ್ಡ್ ನಗರದ ವಾಯುವ್ಯಕ್ಕಿರುವ ಸಣ್ಣ ಊರು. ಕಪ್ಪು ಮರದ ಚೌಕಟ್ಟು, ನಡುವೆ ಬಿಳಿ ಸುಣ್ಣದ ಗೋಡೆ ಇರುವ ಹಳೆಯ ಮನೆಗಳು ಬೀದಿಯುದ್ದಕ್ಕೂ ಇವೆ. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ಈ ಊರು ಬರುತ್ತದೆ: ಕಾಡಿನ ನಡುವೆ ಇರುವ ಜಾಗ, ಅಲ್ಲೊಂದು ಕಾವಲಿಗೆ ತಕ್ಕ ಮನೆ ಎಂದು ಬರೆದಿದ್ದಾರೆ. ಗಡಿನಾಡು, ಕಾಡು, ಕೋಟೆಮನೆ. ತೊಟ್ಟಿಯ ಮೇಲಿನ ಕಾಳಗವನ್ನು ನೋಡುವಾಗ ಈ ಮೂರೂ ನೆನಪಿನಲ್ಲಿರಲಿ. ಚರ್ಚು ಸಂತ ಮಗ್ದಲದ ಮರಿಯಳ ಹೆಸರಿನದು.

ತೊಟ್ಟಿ ಎಷ್ಟು ಹಳೆಯದು?

12ನೇ ಶತಮಾನದ ನಡುಭಾಗದ್ದು, ಅಂದರೆ ಸುಮಾರು 1150ರ ಆಸುಪಾಸು. ಮೇಲೆ ಇಸವಿ ಕೆತ್ತಿಲ್ಲ. ಶೈಲಿಯನ್ನು ನೋಡಿ, ಅದೇ ಕೈಗಳು ಕೆಲಸ ಮಾಡಿದ ಸುತ್ತಮುತ್ತಲಿನ ಚರ್ಚುಗಳ ಕಾಲವನ್ನು ಹೋಲಿಸಿ ವಿದ್ವಾಂಸರು ಈ ಕಾಲವನ್ನು ಹೇಳುತ್ತಾರೆ.

ಆ ಕೈಗಳ ಗುಂಪಿಗೆ ಕಲಾ ಇತಿಹಾಸಕಾರರು ‘ಹೆರಿಫರ್ಡ್‌ಶೈರ್ ಶಾಲೆ’ ಎಂಬ ಹೆಸರಿಟ್ಟಿದ್ದಾರೆ. ಶಾಲೆ ಎಂದರೆ ಕಟ್ಟಡವಲ್ಲ. ಒಂದೇ ಬಗೆಯಲ್ಲಿ ಉಳಿ ಹಿಡಿಯಲು ಕಲಿತ ಕಲ್ಲುಕುಟಿಗರ ತಂಡ. ಕಿಲ್ಪೆಕ್ ಊರಿನ ಚರ್ಚಿನ ಪ್ರಸಿದ್ಧ ದಕ್ಷಿಣದ ಬಾಗಿಲು, ಕ್ಯಾಸಲ್ ಫ್ರೂಮ್ ಊರಿನ ತೊಟ್ಟಿ, ಶಾಬ್ಡನ್ ಊರಿನ ಕಮಾನುಗಳು ಇದೇ ಪರಂಪರೆಯವು. ಶಾಬ್ಡನ್ ಚರ್ಚನ್ನು ಕಟ್ಟಿಸಿದವನು ಆಲಿವರ್ ಡಿ ಮೆರ್ಲಿಮಂಡ್, ಮಾರ್ಟಿಮರ್ ಪಾಳೆಯಗಾರ ಮನೆತನದ ಮೇಲ್ವಿಚಾರಕ. ಅವನು ಸ್ಪೇನಿನ ಸ್ಯಾಂಟಿಯಾಗೊ ಡಿ ಕಾಂಪೊಸ್ಟೆಲಾಕ್ಕೆ ಯಾತ್ರೆ ಹೋಗಿ ಬಂದಿದ್ದ. ಫ್ರಾನ್ಸಿನ ದಾರಿಯ ಚರ್ಚುಗಳಲ್ಲಿ ಕಂಡ ಶಿಲ್ಪದ ಛಾಯೆ ಈ ತಂಡದ ಕೆಲಸದಲ್ಲಿ ಇರುವುದಕ್ಕೆ ಆ ಯಾತ್ರೆಯೇ ಕಾರಣ ಎಂಬುದು ಬಹಳ ಕಾಲದಿಂದ ನಡೆದು ಬಂದಿರುವ ವಿವರಣೆ. ಜೊತೆಗೆ ಇಂಗ್ಲೆಂಡಿನ ಹಳೆಯ ಹೆಣಿಗೆಯ ವಿನ್ಯಾಸ, ವೈಕಿಂಗರ ಸುತ್ತಿಕೊಂಡ ಹಾವು-ಬಳ್ಳಿಗಳು, ಎಲ್ಲವೂ ಬೆರೆತಿವೆ.

ತೊಟ್ಟಿಯ ಮೇಲೆ ಏನೇನಿದೆ?

ನಿಂತ ಜಾಗದಿಂದ ಇದನ್ನು ನೋಡಲು ಆಗುವುದಿಲ್ಲ. ಸುತ್ತು ಹಾಕಬೇಕು. ಬನ್ನಿ, ಒಂದು ಸುತ್ತು ಹಾಕೋಣ.

ಆಕಾರ ದೊಡ್ಡ ಪಾನಪಾತ್ರೆಯದು: ಮೇಲೆ ದುಂಡನೆಯ ಬಟ್ಟಲು, ನಡುವೆ ಕಿರಿದಾದ ಸೊಂಟ, ಕೆಳಗೆ ಮತ್ತೆ ಅಗಲವಾದ ಪಾದ. ಕಲ್ಲು ಮರಳುಗಲ್ಲು. ಬಾಯಿಯ ಸುತ್ತ ಜಡೆ ಹೆಣೆದಂತೆ ಒಂದು ಪಟ್ಟಿ ಓಡುತ್ತದೆ. ಅದರ ಕೆಳಗೆ, ಬಟ್ಟಲಿನ ಮೈತುಂಬ, ಆಕೃತಿಗಳು.

ಮೊದಲಿಗೆ ಕಣ್ಣಿಗೆ ಬೀಳುವುದು ಇಬ್ಬರು ಯೋಧರು. ಇಬ್ಬರಿಗೂ ತುದಿ ಚೂಪಾದ ಶಿರಸ್ತ್ರಾಣ, ಮೈಗೆ ಗೀರುಗೀರಾಗಿ ಮಡಿಕೆ ಬಿದ್ದಂತಿರುವ ಬಿಗಿಯಾದ ಉಡುಪು. ಈ ಗೀರುಬಟ್ಟೆ ಈ ತಂಡದ ಗುರುತು. ಕಿಲ್ಪೆಕ್ ಬಾಗಿಲಿನ ಯೋಧರೂ ಇದನ್ನೇ ತೊಟ್ಟಿದ್ದಾರೆ. ಒಬ್ಬನ ಕೈಯಲ್ಲಿ ಭರ್ಜಿ, ಅದರ ಮೊನೆ ಎದುರಾಳಿಯ ತೊಡೆಗೆ ನಾಟಿದೆ. ಇನ್ನೊಬ್ಬ ಕತ್ತಿ ಎತ್ತಿದ್ದಾನೆ. ಇಬ್ಬರ ಕೈಕಾಲಿಗೂ ದಪ್ಪ ಬಳ್ಳಿಗಳು ಸುತ್ತಿಕೊಂಡಿವೆ. ಕಾದಾಡುವವರು ತಾವಾಗಿ ಬಿಡಿಸಿಕೊಂಡು ಹೋಗುವ ಸ್ಥಿತಿಯಲ್ಲಿಲ್ಲ.

ಪಕ್ಕಕ್ಕೆ ಬಂದರೆ ಒಬ್ಬ ಎತ್ತರದ ವ್ಯಕ್ತಿ, ಉದ್ದನೆಯ ಮಡಿಕೆಯ ನಿಲುವಂಗಿ, ತಲೆಯ ಹಿಂದೆ ಪ್ರಭೆ. ಅವನು ಕ್ರಿಸ್ತ. ಒಂದು ಕೈಯಲ್ಲಿ ಶಿಲುಬೆ. ಭುಜದ ಮೇಲೆ ಪಾರಿವಾಳ, ಅಂದರೆ ಪವಿತ್ರಾತ್ಮ. ಇನ್ನೊಂದು ಕೈಯಿಂದ ಅವನು ಒಬ್ಬ ಸಣ್ಣ ಮನುಷ್ಯನ ಮಣಿಕಟ್ಟನ್ನು ಹಿಡಿದು ಬಳ್ಳಿಯ ಗೋಜಲಿನಿಂದ ಎಳೆಯುತ್ತಿದ್ದಾನೆ. ಸತ್ತ ಮೇಲೆ ಕ್ರಿಸ್ತ ಪಾತಾಳಕ್ಕೆ ಇಳಿದು ಅಲ್ಲಿ ಕಾದಿದ್ದವರನ್ನು ಬಿಡಿಸಿ ತಂದ ಎಂಬ ನಂಬಿಕೆಯ ಚಿತ್ರಣ ಇದು.

ಈ ಹಿಡಿತವನ್ನು ಹತ್ತಿರದಿಂದ ನೋಡಿ. ಕೈಗೆ ಕೈ ಕೊಟ್ಟು ನಡೆಸುವ ಬಗೆಯಲ್ಲ ಅದು. ಬಾವಿಗೆ ಬಿದ್ದವನನ್ನು ಮೇಲಕ್ಕೆ ಎಳೆಯುವಾಗ ಬೆರಳುಗಳನ್ನು ನಂಬದೆ ಮಣಿಕಟ್ಟನ್ನೇ ಬಿಗಿಯಾಗಿ ಹಿಡಿಯುತ್ತೇವಲ್ಲ, ಹಾಗೆ. ಬಿದ್ದವನಲ್ಲಿ ಶಕ್ತಿ ಇಲ್ಲದಿದ್ದರೂ ಆ ಹಿಡಿತ ಜಾರುವುದಿಲ್ಲ. ಕೆತ್ತಿದವನಿಗೆ ಅದು ಗೊತ್ತಿತ್ತು.

ಮುಂದೆ ಪುಸ್ತಕ ಹಿಡಿದ ಇನ್ನೊಬ್ಬ ಪ್ರಭಾವಳಿಯ ವ್ಯಕ್ತಿ. ಕೆಲವರು ಸಂತನೆನ್ನುತ್ತಾರೆ, ಕೆಲವರು ತಂದೆಯಾದ ದೇವರೆನ್ನುತ್ತಾರೆ. ಎರಡನೆಯದನ್ನು ಒಪ್ಪಿದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ಬಟ್ಟಲಿನ ಮೇಲೆ ಸೇರಿದಂತಾಗುತ್ತದೆ. ನನಗೆ ಅದೇ ಸರಿ ಎನಿಸುತ್ತದೆ, ಏಕೆಂದರೆ ದೀಕ್ಷಾಸ್ನಾನ ಕೊಡುವುದೇ ಆ ಮೂವರ ಹೆಸರಿನಲ್ಲಿ. ಕೊನೆಗೆ ಒಂದು ದೊಡ್ಡ ಸಿಂಹ. ಅಲ್ಲಿಗೆ ಸುತ್ತು ಮುಗಿದು ಮತ್ತೆ ಯೋಧರ ಬಳಿಗೆ ಬಂದಿರುತ್ತೀರಿ.

ಆ ಇಬ್ಬರು ಯೋಧರು ಯಾರು?

ಊರಿನವರು ಹೇಳುವ ಕಥೆ ಹೀಗಿದೆ. ಎರ್ಡಿಸ್ಲಿಯನ್ನು ಆಳುತ್ತಿದ್ದದ್ದು ಬಾಸ್ಕರ್‌ವಿಲ್ ಮನೆತನ. ಆ ಮನೆಯ ರಾಲ್ಫ್ ಎಂಬವನು ತನ್ನ ಹೆಣ್ಣು ಕೊಟ್ಟ ಮಾವ, ಕ್ಲಿಫರ್ಡ್ ಕೋಟೆಯ ಡ್ರೋಗೋನೊಡನೆ ಜಮೀನಿನ ಜಗಳಕ್ಕೆ ಬಿದ್ದು, ದ್ವಂದ್ವಯುದ್ಧದಲ್ಲಿ ಅವನನ್ನು ಕೊಂದ. ತೊಟ್ಟಿಯ ಮೇಲಿರುವುದು ಅದೇ ಕಾಳಗ, ಆ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಕೆತ್ತಿಸಿದ್ದು ಎನ್ನುತ್ತಾರೆ.

ಇನ್ನೊಂದು ಓದು ಇದಕ್ಕಿಂತ ಸರಳ: ಒಳಿತು ಕೆಡುಕುಗಳ ಹೋರಾಟವನ್ನು ಇಬ್ಬರು ಯೋಧರ ಕಾಳಗವಾಗಿ ತೋರಿಸುವುದು ಆ ಕಾಲದ ಕಲೆಯಲ್ಲಿ ರೂಢಿಯಾಗಿತ್ತು. ಎರಡು ಓದುಗಳೂ ಒಂದನ್ನೊಂದು ಕಡಿಯಬೇಕಾಗಿಲ್ಲ. ಅಳಿಯ ಮಾವನನ್ನು ಕೊಂದ ಕಥೆಯಿರುವ ಊರಿನಲ್ಲಿ ಆ ರೂಢಿಯ ಚಿತ್ರ ನೋಡುವವರ ಮನಸ್ಸಿಗೆ ಬೇರೆಯೇ ತೂಕದಿಂದ ಇಳಿದಿರುತ್ತದೆ. ಪ್ರತಿ ಕೂಸನ್ನೂ ಆ ಭರ್ಜಿಯ ಮೇಲಿನಿಂದಲೇ ನೀರಿಗೆ ಇಳಿಸಬೇಕಿತ್ತು.

ಸಿಂಹ ಏಕೆ?

ಮಧ್ಯಯುಗದ ಪ್ರಾಣಿಕಥೆಗಳಲ್ಲಿ ಸಿಂಹದ ಮರಿ ಹುಟ್ಟುವಾಗ ಸತ್ತೇ ಹುಟ್ಟುತ್ತದೆ. ಮೂರನೆಯ ದಿನ ತಂದೆ ಸಿಂಹ ಬಂದು ಉಸಿರೂದಿದಾಗ ಜೀವ ತಳೆಯುತ್ತದೆ. ಕ್ರಿಸ್ತ ಮೂರನೆಯ ದಿನ ಎದ್ದ ಎಂಬ ನಂಬಿಕೆಗೆ ಇದು ಒಳ್ಳೆಯ ಉಪಮೆಯಾಯಿತು. ಅದೇ ಕಾಲದಲ್ಲಿ, ಯಾರನ್ನು ನುಂಗಲಿ ಎಂದು ಗರ್ಜಿಸುತ್ತ ತಿರುಗುವ ಸಿಂಹದ ಹಾಗೆ ಸೈತಾನ ಸುತ್ತುತ್ತಾನೆ ಎಂಬ ಬೈಬಲಿನ ಮಾತೂ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಸಿಂಹವನ್ನು ಎರಡು ಬಗೆಯಾಗಿಯೂ ಓದಬಹುದು. ಕಾಯುವ ಸಿಂಹವೋ ಕಾಡುವ ಸಿಂಹವೋ, ಅದು ಬಟ್ಟಲಿನ ಮೇಲೆ ಯಾವ ಮನುಷ್ಯನಿಗೂ ಕಡಿಮೆಯಿಲ್ಲದ ಜಾಗ ಹಿಡಿದು ನಿಂತಿದೆ.

ಕೆತ್ತಿದವನ ಹೆಸರು ಗೊತ್ತೇ?

ಎರ್ಡಿಸ್ಲಿಯಲ್ಲಿ ಹೆಸರಿಲ್ಲ. ಆದರೆ ಅದೇ ಶತಮಾನದ ಇನ್ನೊಂದು ತೊಟ್ಟಿಯಲ್ಲಿ ಇದೆ. ಇಂಗ್ಲೆಂಡಿನ ವಾಯುವ್ಯದ ಕಂಬ್ರಿಯಾದಲ್ಲಿ, ಕಾಕರ್‌ಮತ್ ಪಟ್ಟಣದ ಬಳಿ ಬ್ರೈಡ್‌ಕರ್ಕ್ ಎಂಬ ಹಳ್ಳಿಯಿದೆ. ಅಲ್ಲಿಯ ಚೌಕ ತೊಟ್ಟಿಯ ಒಂದು ಮಗ್ಗುಲಲ್ಲಿ ಸುತ್ತಿಗೆ, ಉಳಿ ಹಿಡಿದು ಕೆಲಸ ಮಾಡುತ್ತಿರುವ ಒಬ್ಬ ಪುಟ್ಟ ಮನುಷ್ಯನನ್ನು ಕೆತ್ತಿದ್ದಾರೆ. ಜೊತೆಗೆ ವೈಕಿಂಗರು ತಂದ ರೂನ್ ಲಿಪಿಯಲ್ಲಿ, ಆಗಿನ ಇಂಗ್ಲಿಷ್ ಮಾತಿನಲ್ಲಿ ಒಂದು ಪ್ರಾಸಬದ್ಧ ಸಾಲು: ರಿಕಾರ್ಥ್ ನನ್ನನ್ನು ಮಾಡಿದ, ಮುತುವರ್ಜಿಯಿಂದ ಈ ಚೆಲುವಿಗೆ ತಂದ.

‘ನನ್ನನ್ನು’ ಎಂದು ಹೇಳುತ್ತಿರುವುದು ತೊಟ್ಟಿ. ಕಲ್ಲೇ ಬಾಯಿ ತೆರೆದು ತನ್ನನ್ನು ಮಾಡಿದವನ ಹೆಸರು ಹೇಳುತ್ತಿದೆ. ಆ ಒಂದು ಸಾಲಿಗಾಗಿ ಕಂಬ್ರಿಯಾದವರೆಗೆ ಹೋಗಬಹುದು ಎಂದು ನಾನು ನಂಬುತ್ತೇನೆ.

ಇಷ್ಟು ದೊಡ್ಡ ತೊಟ್ಟಿ ಏಕೆ ಬೇಕಿತ್ತು?

ಮಗುವನ್ನು ಪೂರ್ತಿ ಮುಳುಗಿಸುತ್ತಿದ್ದರು. ಬಟ್ಟೆ ಬಿಚ್ಚಿ, ಪಾದ್ರಿ ಎರಡು ಕೈಯಲ್ಲಿ ಹಿಡಿದು, ಮೂರು ಸಲ ಅದ್ದುತ್ತಿದ್ದ. ಒಂದು ಕೂಸು ಆರಾಮವಾಗಿ ಮುಳುಗುವಷ್ಟು ಆಳ, ಪಾದ್ರಿಯ ಮೊಣಕೈ ತಾಗದಷ್ಟು ಅಗಲ, ಸೊಂಟ ಬಗ್ಗಿಸದೆ ಕೆಲಸ ನಡೆಯುವಷ್ಟು ಎತ್ತರ ಬೇಕಿತ್ತು. ಮಧ್ಯಯುಗದ ತೊಟ್ಟಿಗಳ ಅಳತೆಯೆಲ್ಲ ಇದರಿಂದಲೇ ಬಂದದ್ದು. ಕಲ್ಲು ನೀರು ಹೀರುತ್ತದೆ ಎಂದು ಒಳಗೆ ಸಾಮಾನ್ಯವಾಗಿ ಸೀಸದ ಹಾಳೆ ಹೊದಿಸುತ್ತಿದ್ದರು. ತಳದಲ್ಲಿ ಒಂದು ತೂತು. ಬಳಸಿದ ನೀರು ಅದರ ಮೂಲಕ ಕೆಳಗಿನ ಮಣ್ಣಿಗೆ ಇಳಿಯುತ್ತಿತ್ತು. ಪವಿತ್ರ ನೀರನ್ನು ಯಾರೂ ತುಳಿಯುವಂತೆ ಹೊರಗೆ ಚೆಲ್ಲುವಂತಿರಲಿಲ್ಲ.

ಆ ಕಾಲದಲ್ಲಿ ಸಂಸ್ಕಾರ ಹೇಗೆ ನಡೆಯುತ್ತಿತ್ತು?

ಶಿಲ್ಪವನ್ನು ಮಾತ್ರ ನೋಡಿ ಬಂದರೆ ತೊಟ್ಟಿಯ ಅರ್ಧ ಭಾಗವನ್ನಷ್ಟೇ ನೋಡಿದಂತೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಧ್ಯಯುಗದ ಕೊನೆಯ ಭಾಗದಲ್ಲಿ ದಕ್ಷಿಣ ಇಂಗ್ಲೆಂಡಿನ ಬಹುಪಾಲು ಕಡೆ ಸಾಲ್ಸ್‌ಬರಿ ಚರ್ಚಿನ ಪದ್ಧತಿ ನಡೆಯುತ್ತಿತ್ತು. ಇಲ್ಲಿ ಹೇಳುವುದು ಆ ಪದ್ಧತಿಯನ್ನು.

ಮಗು ಹುಟ್ಟಿದ ದಿನವೇ, ಇಲ್ಲವೇ ಮರುದಿನ, ಸೂಲಗಿತ್ತಿ ಅದನ್ನು ಎತ್ತಿಕೊಂಡು ಬರುತ್ತಿದ್ದಳು. ಜೊತೆಗೆ ಜ್ಞಾನಪೋಷಕರು, ಅಂದರೆ ಸಂಸ್ಕಾರದಲ್ಲಿ ಮಗುವಿನ ಪರವಾಗಿ ಮಾತು ಕೊಡುವ ಜ್ಞಾನತಂದೆ, ಜ್ಞಾನತಾಯಿಯರು, ಒಟ್ಟು ಮೂವರು: ಗಂಡುಮಗುವಾದರೆ ಇಬ್ಬರು ಗಂಡಸರು ಒಬ್ಬಳು ಹೆಂಗಸು, ಹೆಣ್ಣುಮಗುವಾದರೆ ಇಬ್ಬರು ಹೆಂಗಸರು ಒಬ್ಬ ಗಂಡಸು. ಹೆತ್ತ ತಾಯಿ ಬರುತ್ತಿರಲಿಲ್ಲ. ಬಾಣಂತನ ಮುಗಿದು, ಸುಮಾರು ನಲವತ್ತು ದಿನದ ಮೇಲೆ ಬೇರೆಯದೇ ಒಂದು ಪ್ರಾರ್ಥನೆಯೊಡನೆ ಅವಳು ಚರ್ಚಿಗೆ ಮರಳುತ್ತಿದ್ದಳು. ಅಂದರೆ ತನ್ನ ಮಗುವಿನ ದೀಕ್ಷಾಸ್ನಾನವನ್ನು ನೋಡಿದ ತಾಯಂದಿರು ಆ ಕಾಲದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಮೊದಲ ಭಾಗ ನಡೆಯುತ್ತಿದ್ದದ್ದು ಬಾಗಿಲ ಹೊರಗೆ. ಗಂಡೋ ಹೆಣ್ಣೋ, ಮನೆಯಲ್ಲಿ ಈಗಾಗಲೇ ಸ್ನಾನ ಕೊಟ್ಟಿದ್ದೀರಾ, ಹೆಸರೇನು ಎಂದು ಪಾದ್ರಿ ಕೇಳುತ್ತಿದ್ದ. ಮಗುವಿನ ಬಾಯಿಗೆ ಒಂದು ಹರಳು ಉಪ್ಪು ಇಡುತ್ತಿದ್ದ. ಕೆಡುಕನ್ನು ಓಡಿಸುವ ಪ್ರಾರ್ಥನೆ ಹೇಳಿ, ಉಗುಳಿನಿಂದ ಕಿವಿ ಮೂಗುಗಳನ್ನು ಮುಟ್ಟುತ್ತಿದ್ದ. ಆಮೇಲೆ ಒಳಗೆ ಬಂದು ತೊಟ್ಟಿಯ ಬಳಿ. ಸೈತಾನನನ್ನು ಬಿಟ್ಟೆವೆಂದು ಮಗುವಿನ ಪರವಾಗಿ ಜ್ಞಾನಪೋಷಕರು ಮೂರು ಸಲ ಹೇಳುತ್ತಿದ್ದರು. ಎದೆಗೆ, ಹೆಗಲುಗಳ ನಡುವೆ ಎಣ್ಣೆ ಹಚ್ಚಿ, ಮೂರು ಸಲ ಮುಳುಗಿಸುತ್ತಿದ್ದರು.

ಮುಳುಗಿಸಿದವನು ಪಾದ್ರಿ, ಮೇಲಕ್ಕೆ ಎತ್ತಿಕೊಳ್ಳುತ್ತಿದ್ದವರು ಜ್ಞಾನಪೋಷಕರು. ಇದು ಬರಿಯ ಸಹಾಯವಲ್ಲ, ಸಂಸ್ಕಾರದ ಅಂಗ. ಹಳೆಯ ದಾಖಲೆಗಳಲ್ಲಿ ಜ್ಞಾನತಂದೆಯನ್ನು ಗುರುತಿಸುವುದೇ ‘ಇವನನ್ನು ತೊಟ್ಟಿಯಿಂದ ಎತ್ತಿದವನು’ ಎಂದು. ಎತ್ತಿದವರು ಆ ಕುಟುಂಬಕ್ಕೆ ನೆಂಟರಾಗುತ್ತಿದ್ದರು. ಎಷ್ಟರ ಮಟ್ಟಿಗೆ ಎಂದರೆ ಅವರೊಳಗೆ ಮದುವೆ ನಿಷಿದ್ಧ. ಈ ನೆಂಟಸ್ತಿಕೆಗೆ ಹಳೆಯ ಇಂಗ್ಲಿಷಿನಲ್ಲಿ ಗಾಡ್‌ಸಿಬ್ ಎಂಬ ಪದವಿತ್ತು. ಅದೇ ಸವೆದು ಇಂದಿನ ಗಾಸಿಪ್ ಆಯಿತು. ಸಲುಗೆಯ ನೆಂಟರು ಕೂತು ಆಡುವ ಮಾತು ಕೊನೆಗೆ ಹರಟೆಯ ಹೆಸರೇ ಆಗಿಬಿಟ್ಟಿತು.

ಈಗ ಎರ್ಡಿಸ್ಲಿಯ ಬಟ್ಟಲಿಗೆ ಹಿಂತಿರುಗಿ ನೋಡಿ. ಮೇಲೆ, ನೀರಿನ ಬಳಿ, ಒದ್ದೆ ಕೂಸನ್ನು ಎತ್ತುತ್ತಿರುವ ಕೈಗಳು. ಕೆಳಗೆ, ಕಲ್ಲಿನಲ್ಲಿ, ಮಣಿಕಟ್ಟು ಹಿಡಿದು ಗೋಜಲಿನಿಂದ ಎಳೆಯುತ್ತಿರುವ ಕೈ. ಎರಡೂ ಒಂದೇ ಕೆಲಸ. ಈ ಶಿಲ್ಪವನ್ನು ಪಾತ್ರೆಗೆ ಹಚ್ಚಿದ ಅಲಂಕಾರ ಎಂದುಕೊಂಡರೆ ಅದರ ಜೀವವೇ ತಪ್ಪಿಹೋಗುತ್ತದೆ. ಓದು ಬಾರದ ಜ್ಞಾನತಂದೆಗೂ ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಎದುರಿಗಿದ್ದ ಕಲ್ಲು ತೋರಿಸುತ್ತಿತ್ತು.

ಎತ್ತಿದ ಮೇಲೆ ನೆತ್ತಿಗೆ ಅಭಿಷೇಕ ತೈಲ, ಮೈಗೆ ಬಿಳಿಯ ಬಟ್ಟೆ, ಕೈಗೆ ಹಚ್ಚಿದ ಮೇಣದಬತ್ತಿ.

ಮಗು ಬದುಕುವ ಹಾಗಿಲ್ಲ ಎನಿಸಿದರೆ?

ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದಿತ್ತು. ಸೂಲಗಿತ್ತಿಯೂ ಕೊಡಬಹುದು, ತಂದೆಯೂ ಕೊಡಬಹುದು. ಲ್ಯಾಟಿನ್ ಬೇಕಿಲ್ಲ, ಮನೆಮಾತಿನ ಇಂಗ್ಲಿಷಿನಲ್ಲೇ ಹೇಳಿದರೆ ಸಾಕು. ಅದಕ್ಕಾಗಿ ಸಂಸ್ಕಾರದ ಮಾತುಗಳನ್ನು ಊರಿನವರಿಗೆ ಕಲಿಸಿಡಬೇಕೆಂದು ಪಾದ್ರಿಗಳಿಗೆ ಆದೇಶವಿತ್ತು. ಬಳಸಿದ ನೀರನ್ನು ಬೆಂಕಿಗೆ ಸುರಿಯಬೇಕು ಇಲ್ಲವೇ ಚರ್ಚಿನ ತೊಟ್ಟಿಗೆ ತಂದು ಹಾಕಬೇಕು. ಪಾತ್ರೆಯನ್ನು ಸುಡಬೇಕು ಇಲ್ಲವೇ ಚರ್ಚಿಗೆ ಕೊಡಬೇಕು, ಮತ್ತೆ ಅಡುಗೆಮನೆಗೆ ಸೇರಿಸುವಂತಿಲ್ಲ. ಹೆರಿಗೆಯ ಕೋಣೆಯ ಆ ಗಾಬರಿಯ ನಡುವೆ ಕೈಗೆ ಸಿಕ್ಕ ಮರದ ಬಟ್ಟಲು, ಒಂದು ಕ್ಷಣದಲ್ಲಿ ಎರ್ಡಿಸ್ಲಿಯ ತೊಟ್ಟಿಯ ಸಮಾನವಾಗಿಬಿಡುತ್ತಿತ್ತು.

ಕೆಲವು ತೊಟ್ಟಿಗಳ ಅಂಚಿನಲ್ಲಿ ಒಡೆದ ಗುರುತುಗಳಿವೆ. ಏನದು?

ಬೀಗದ ಗುರುತು. ಮಂತ್ರಿಸಿದ ನೀರನ್ನು ಪ್ರತಿ ಸಲವೂ ಬದಲಿಸದೆ ತೊಟ್ಟಿಯಲ್ಲೇ ಕಾದಿರಿಸುತ್ತಿದ್ದರು. ಅದನ್ನು ಕದ್ದು ಮಾಟಮಂತ್ರಕ್ಕೆ ಬಳಸುತ್ತಾರೆ ಎಂಬ ಭಯವಿತ್ತು. 1236ರಲ್ಲಿ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷ ಎಡ್ಮಂಡ್, ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು ಕಟ್ಟಳೆ ಮಾಡಿದ. ಕಬ್ಬಿಣದ ಕೊಂಡಿಗಳನ್ನು ಅಂಚಿನಲ್ಲಿ ಕೊರೆದು, ಸೀಸ ಹುಯ್ದು ಕೂರಿಸಿದರು. ಮುಂದೆ ಬೀಗದ ಕಾಲ ಮುಗಿದಾಗ ಕೊಂಡಿ ಕಿತ್ತರು, ಅದರ ಜೊತೆಗೆ ಅಂಚಿನ ಚಕ್ಕೆಯೂ ಎದ್ದು ಬಂತು. ಎದುರುಬದುರಾಗಿ ಎರಡು ಕಡೆ ತೇಪೆ ಕಂಡರೆ ಆ ತೊಟ್ಟಿಗೆ ಒಮ್ಮೆ ಬೀಗವಿತ್ತೆಂದು ತಿಳಿಯಿರಿ.

ಬಾಗಿಲ ಪಕ್ಕದಲ್ಲೇ ಏಕೆ ಇಡುತ್ತಾರೆ?

ದೀಕ್ಷಾಸ್ನಾನವೇ ಸಭೆಗೆ ಪ್ರವೇಶ. ಒಳಗೆ ಬರುವ ಸಂಸ್ಕಾರ ಒಳಬಾಗಿಲಲ್ಲೇ ನಡೆಯಬೇಕು.

ಆಗ ಬಣ್ಣ ಇತ್ತೇ?

ಇಂಗ್ಲೆಂಡಿನ ಮಧ್ಯಯುಗದ ಚರ್ಚುಗಳ ಒಳಗೆ ಗೋಡೆ, ಮರ, ಕಲ್ಲು ಎಲ್ಲಕ್ಕೂ ಬಣ್ಣ ಬಳಿಯುವುದು ರೂಢಿ. ಅನೇಕ ತೊಟ್ಟಿಗಳಿಗೂ ಬಳಿದಿದ್ದರು. ಸಫಕ್‌ನ ವೆಸ್ಟ್‌ಹಾಲ್ ಊರಿನ ತೊಟ್ಟಿಯಲ್ಲಿ ಬಣ್ಣದ ಉಳಿಕೆ ಇಂದಿಗೂ ಕಾಣುತ್ತದೆ. ನಾವು ಕಲ್ಲಿನ ಬರಿಮೈಯನ್ನೇ ಚೆಂದವೆಂದು ಮೆಚ್ಚುತ್ತೇವೆ. ಮಾಡಿಸಿದವರ ಕಣ್ಣಿಗೆ ಅದು ಇನ್ನೂ ಮುಗಿಯದ ಕೆಲಸದಂತೆ ಕಂಡೀತು.

ಎಲ್ಲ ಹಳೆಯ ತೊಟ್ಟಿಗಳೂ ಹೀಗೆಯೇ ಇರುತ್ತವೆಯೇ?

ಇಲ್ಲ. ಹೆಚ್ಚಿನವು ಕೆತ್ತನೆಯೇ ಇಲ್ಲದ ಸಾದಾ ಬಾನಿಗಳು. ನಮ್ಮ ಹಳ್ಳಿಗಳ ಕಲ್ಲುಬಾನಿ ನೋಡಿದವರಿಗೆ ಅವು ಪರಿಚಿತವೆನಿಸುತ್ತವೆ. ಸೀಸದಲ್ಲೇ ಎರಕ ಹುಯ್ದ ತೊಟ್ಟಿಗಳೂ ಇವೆ.

ಎರ್ಡಿಸ್ಲಿಗೆ ಹತ್ತಿರದ ಸೋದರಿ ಕ್ಯಾಸಲ್ ಫ್ರೂಮ್‌ನದು. ಅದರಲ್ಲಿ ಯೋರ್ದನ್ ಹೊಳೆಯಲ್ಲಿ ಕ್ರಿಸ್ತನ ಸ್ನಾನವೇ ಇದೆ: ಉಂಗುರ ಉಂಗುರವಾಗಿ ಸುತ್ತಿದ ನೀರು, ಅದರೊಳಗೆ ಮೀನುಗಳು, ಮೇಲಿನಿಂದ ದೇವರ ಕೈ, ಪಾರಿವಾಳ. ಇಡೀ ತೊಟ್ಟಿಯ ಭಾರವನ್ನು ಬೆನ್ನ ಮೇಲೆ ಹೊತ್ತ ಆಕೃತಿಗಳು ಕೆಳಗೆ ಕುಕ್ಕರಿಸಿವೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳುತ್ತಾರೆ. ಕುಸುರಿಗೆ ಕ್ಯಾಸಲ್ ಫ್ರೂಮ್, ಕಸುವಿಗೆ ಎರ್ಡಿಸ್ಲಿ ಎಂಬುದು ನನ್ನ ಉತ್ತರ.

15ನೇ ಶತಮಾನಕ್ಕೆ ಬಂದರೆ ಪೂರ್ವ ಇಂಗ್ಲೆಂಡಿನ ನಾರ್ಫಕ್, ಸಫಕ್ ಕಡೆ ಇನ್ನೊಂದು ಬಗೆ ಬೆಳೆಯಿತು. ಎಂಟು ಮುಖದ ತೊಟ್ಟಿ. ಏಳು ಮುಖಗಳಲ್ಲಿ ಚರ್ಚಿನ ಏಳು ಸಂಸ್ಕಾರಗಳು, ಎಂಟನೆಯದರಲ್ಲಿ ಕ್ರಿಸ್ತನ ಸ್ನಾನ, ಶಿಲುಬೆಯಂಥ ಇನ್ನೊಂದು ದೃಶ್ಯ. ಇಂಥವು ಸುಮಾರು ನಲವತ್ತು ಉಳಿದಿವೆ. ಒಂದು ಮುಖದಲ್ಲಿ ಪಾದ್ರಿ ಮಗುವನ್ನು ತೊಟ್ಟಿಯಲ್ಲಿ ಅದ್ದುತ್ತಿರುವ ಚಿತ್ರವೂ ಇರುತ್ತದೆ, ಅಂದರೆ ತೊಟ್ಟಿಯ ಮೇಲೆ ತೊಟ್ಟಿ. ಎಂಟು ಎಂಬ ಸಂಖ್ಯೆಗೂ ಅರ್ಥವಿದೆ: ಏಳು ದಿನಗಳಲ್ಲಿ ಸೃಷ್ಟಿ ಮುಗಿದರೆ ಎಂಟನೆಯ ದಿನ ಹೊಸ ಬದುಕು.

ಇಷ್ಟು ಗಲಭೆಗಳ ನಡುವೆ ಇವು ಉಳಿದದ್ದು ಹೇಗೆ?

ಎಲ್ಲವೂ ಉಳಿಯಲಿಲ್ಲ. 16ನೇ ಶತಮಾನದ ಧರ್ಮಸುಧಾರಣೆಯಲ್ಲಿ ಮತ್ತು 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ವಿಗ್ರಹಗಳೆಂದು ಕಂಡದ್ದನ್ನೆಲ್ಲ ಒಡೆದರು. ಏಳು ಸಂಸ್ಕಾರಗಳ ತೊಟ್ಟಿಗಳಲ್ಲಿ ಎಷ್ಟೋ ಮುಖಗಳು ನುಣ್ಣಗೆ ಕಡಿದು ಹೋಗಿವೆ. 1645ರಲ್ಲಿ ಪಾರ್ಲಿಮೆಂಟು ಹೊರಡಿಸಿದ ಆರಾಧನಾ ಕ್ರಮವು ಹಳೆಯ ತೊಟ್ಟಿಗಳ ಜಾಗದಲ್ಲಿ ದೀಕ್ಷಾಸ್ನಾನ ಕೊಡಕೂಡದೆಂದಿತು, ಬೋಗುಣಿಗಳು ಬಂದವು. ಹೊರಗೆ ಎಸೆದ ಕಲ್ಲುತೊಟ್ಟಿಗಳು ದನ ನೀರು ಕುಡಿಯುವ ಬಾನಿಗಳಾದವು, ತೋಟದಲ್ಲಿ ಹೂವಿನ ಕುಂಡಗಳಾದವು. ಮುಂದೆ ಕೆಲವನ್ನು ಗುರುತಿಸಿ ಮತ್ತೆ ಒಳಗೆ ತಂದರು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಹೊಸ ತೊಟ್ಟಿಗಳನ್ನೂ ಮಾಡಿಸಿದರು.

ಕೆಲವೊಮ್ಮೆ ಒಡೆಯಲು ಬಂದವನ ಕೈಯೂ ತಡೆಯಿತು. ಸಫಕ್‌ನ ಅಫರ್ಡ್ ಊರಿನ ತೊಟ್ಟಿಗೆ ಸುಮಾರು 18 ಅಡಿ ಎತ್ತರದ ಮರದ ಮುಚ್ಚಳವಿದೆ, ಗೋಪುರದ ಮೇಲೆ ಗೋಪುರ ಪೇರಿಸಿದಂತೆ, ತುದಿಯಲ್ಲಿ ಎದೆ ಕುಕ್ಕಿಕೊಳ್ಳುವ ಪೆಲಿಕನ್ ಹಕ್ಕಿ. ನೂರಾರು ಚರ್ಚುಗಳಲ್ಲಿ ಮೂರ್ತಿಗಳನ್ನು ಒಡೆಸಿದ ವಿಲಿಯಂ ಡೌಸಿಂಗ್ 1644ರಲ್ಲಿ ಅಲ್ಲಿಗೆ ಬಂದಿದ್ದ. ಅವನು ತನ್ನ ದಿನಚರಿಯಲ್ಲಿ ಆ ಮುಚ್ಚಳದ ವೈಭವವನ್ನು ಬರೆದುಕೊಂಡ. ಮುಚ್ಚಳ ಇಂದಿಗೂ ಅಲ್ಲಿದೆ.

ಎರ್ಡಿಸ್ಲಿಯ ಕೆತ್ತನೆ ಇಷ್ಟು ಚೂಪಾಗಿ ಹೇಗೆ ಉಳಿಯಿತು?

ಸೂರಿನ ಕೆಳಗೆ ಇದ್ದದ್ದರಿಂದ. ಇದಕ್ಕೆ ಕಣ್ಣೆದುರಿನ ಪುರಾವೆ ಶಾಬ್ಡನ್. 1750ರ ದಶಕದಲ್ಲಿ ಅಲ್ಲಿಯ ಹಳೆಯ ಚರ್ಚನ್ನು ಕೆಡವಿ ಹೊಸದನ್ನು ಕಟ್ಟಿದರು. ಹಳೆಯ ಕಮಾನು, ಕಂಬ, ಕೆತ್ತಿದ ಫಲಕಗಳನ್ನು ಬಿಸಾಡಲಿಲ್ಲ; ನೋಟಕ್ಕೆ ಚೆಂದವಿರಲೆಂದು ಬೆಟ್ಟದ ಏರಿನ ಮೇಲೆ ಬಯಲಿನಲ್ಲಿ ನಿಲ್ಲಿಸಿದರು. ಒಂದೇ ತಂಡದ ಕೆಲಸ, ಒಂದೇ ಸೀಮೆ. ಮಳೆ, ಮಂಜು, ಹಿಮದಲ್ಲಿ ಎರಡೂವರೆ ಶತಮಾನ ನಿಂತ ಆ ಆಕೃತಿಗಳ ಮುಖ ಈಗ ಕಾಣುವುದಿಲ್ಲ. ಆರು ನೂರು ವರ್ಷ ತಾಳಿದ್ದ ಕಲ್ಲು, ಹೊರಗಿಟ್ಟ ಮೇಲೆ ಕರಗಿತು. ಅಲ್ಲಿ ನಿಂತು ನೋಡಿದಾಗ ನನಗೆ ಹೊಟ್ಟೆ ಕಿವುಚಿದಂತಾಯಿತು.

ಹಾಗಿದ್ದರೆ ಇದನ್ನು ವಸ್ತುಸಂಗ್ರಹಾಲಯಕ್ಕೆ ಒಯ್ಯಬಾರದೇ?

ಬೇಡ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಕಲ್ಲು ಉಳಿಯುತ್ತದೆ, ತೊಟ್ಟಿ ಉಳಿಯುವುದಿಲ್ಲ. ಅದು ನೀರಿಗಾಗಿ, ಮಗುವಿಗಾಗಿ ಮಾಡಿದ ಪಾತ್ರೆ. ಇಂಗ್ಲೆಂಡಿನ ಚರ್ಚಿನ ಕಾನೂನಿನಲ್ಲೂ ರಕ್ಷಣೆಯಿದೆ: ತೊಟ್ಟಿಯನ್ನು ಸರಿಸಬೇಕಾದರೂ ಬದಲಾಯಿಸಬೇಕಾದರೂ ಧರ್ಮಪ್ರಾಂತದ ನ್ಯಾಯಾಲಯದಿಂದ ಫ್ಯಾಕಲ್ಟಿ ಎಂಬ ಅನುಮತಿ ಪಡೆಯಬೇಕು. ಪ್ರತಿ ಚರ್ಚಿನಲ್ಲೂ ಕಲ್ಲಿನ ತೊಟ್ಟಿ ಇರಬೇಕು, ಹಳೆಯ ಜಾಗದಲ್ಲೇ ಇರಬೇಕು ಎಂಬ ನಿಯಮವನ್ನು 1604ರಷ್ಟು ಹಿಂದೆಯೇ ಮಾಡಿದ್ದರು.

ದೀಕ್ಷಾಸ್ನಾನದ ದಾಖಲೆಗಳು ಎಂದಿನಿಂದ ಸಿಗುತ್ತವೆ?

1538ರಿಂದ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪುಸ್ತಕ ಇಡಬೇಕೆಂದು ಆಜ್ಞೆ ಮಾಡಿದ. ಅದಕ್ಕೂ ಹಿಂದೆ ಜಮೀನಿನ ವಾರಸುದಾರ ವಯಸ್ಸಿಗೆ ಬಂದನೆಂದು ಸಾಬೀತು ಮಾಡಲು ಊರಿನವರ ಸಾಕ್ಷಿ ಕೇಳುತ್ತಿದ್ದರು. ಅವನ ದೀಕ್ಷಾಸ್ನಾನದ ದಿನ ನಾನು ಪಂಜು ಹಿಡಿದಿದ್ದೆ, ಅದೇ ವಾರ ನನಗೂ ಮಗ ಹುಟ್ಟಿದ್ದ ಎಂಬ ಬಗೆಯ ಮಾತುಗಳು ಆ ದಾಖಲೆಗಳ ತುಂಬ ಇವೆ.

ನೋಡಲು ಹೋಗುವವರಿಗೆ ಏನು ಹೇಳುತ್ತೀರಿ?

ಹೆರಿಫರ್ಡ್‌ವರೆಗೆ ರೈಲಿದೆ, ಮುಂದಕ್ಕೆ ಸ್ವಂತ ವಾಹನವಿದ್ದರೆ ಕಿಲ್ಪೆಕ್, ಕ್ಯಾಸಲ್ ಫ್ರೂಮ್, ಶಾಬ್ಡನ್‌ಗಳನ್ನೂ ಸೇರಿಸಿಕೊಳ್ಳಬಹುದು. ಹಳ್ಳಿಯ ಚರ್ಚು ಎಂದರೆ ಸ್ಮಾರಕವಷ್ಟೇ ಅಲ್ಲ, ಮದುವೆ, ಅಂತ್ಯಕ್ರಿಯೆ ನಡೆಯುವ ಜಾಗ. ಹೊರಡುವ ಮುನ್ನ ಬಾಗಿಲು ತೆರೆದಿರುವ ಹೊತ್ತನ್ನು ವಿಚಾರಿಸಿ. ಕಾಣಿಕೆ ಡಬ್ಬಿಗೆ ಏನಾದರೂ ಹಾಕಿ ಬನ್ನಿ; ಸೂರಿನ ದುರಸ್ತಿ ಅದರಿಂದಲೇ ಆಗಬೇಕು, ಸೂರು ಸೋರಿದರೆ ಏನಾಗುತ್ತದೆಂದು ಶಾಬ್ಡನ್ ಹೇಳುತ್ತದೆ.

ಕೆತ್ತನೆಯನ್ನು ಮುಟ್ಟಬೇಡಿ, ಮರಳುಗಲ್ಲು ಬೆರಳಿನ ಬೆವರಿಗೂ ಸವೆಯುತ್ತದೆ. ಅಂಚಿನ ಮೇಲೆ ಕ್ಯಾಮೆರಾ, ಚೀಲ ಇಡಬೇಡಿ. ನೇರವಾಗಿ ಫ್ಲಾಷ್ ಹಾಕಿದರೆ ಉಬ್ಬುತಗ್ಗುಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ. ಮೊಬೈಲಿನ ಬೆಳಕನ್ನು ಒಂದು ಪಕ್ಕದಿಂದ, ಕಲ್ಲಿಗೆ ಸವರಿದಂತೆ ಹಾಯಿಸಿ. ಗೀರುಬಟ್ಟೆಯ ಒಂದೊಂದು ಮಡಿಕೆಯೂ ಎದ್ದು ಬರುತ್ತದೆ. ಆಮೇಲೆ ಮಂಡಿಯೂರಿ ಕೂತು ನೋಡಿ. ಆ ಎತ್ತರದಲ್ಲಿ ಕ್ರಿಸ್ತನ ಬೆರಳುಗಳು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತವೆ, ಹಿಡಿದ ಮಣಿಕಟ್ಟೂ ಕಾಣುತ್ತದೆ.